ಪಂಚಾಯಿತಿ ಕಟ್ಟಡದ ಕಂಬಕ್ಕೆ ಕನ್ನಡ ಬಾವುಟ ಏರಿಸಬಹುದಾ? ನಿಯಮ ಗೊತ್ತಿದ್ದವರು ಹೇಳಿ

ಕೆರೆ ಏರಿ
ಎಲ್ಲರಿಗೂ ನಮಸ್ಕಾರ. ನಾನು ಹಾಸನ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿ ಸದಸ್ಯ. ರಾಜ್ಯೋತ್ಸವ ಹತ್ತಿರ ಬರುತ್ತಿದೆ. ನಮ್ಮೂರಿನ ಯುವಕ ಸಂಘದ ಹುಡುಗರು ಈ ಸಲ ಪಂಚಾಯಿತಿ ಮುಂದಿನ ಕಂಬಕ್ಕೆ ಹಳದಿ-ಕೆಂಪು ಬಾವುಟ ಏರಿಸಲೇಬೇಕು ಅಂತ ಪಟ್ಟು ಹಿಡಿದಿದ್ದಾರೆ. ಇರುವುದು ಒಂದೇ ಕಂಬ. ಆಗಸ್ಟ್ 15ಕ್ಕೂ ಜನವರಿ 26ಕ್ಕೂ ರಾಷ್ಟ್ರಧ್ವಜ ಏರುವುದು ಅದರಲ್ಲೇ.

ಪಿಡಿಒ ಅವರನ್ನು ಕೇಳಿದರೆ "ಮೇಲಿಂದ ಲೆಟರ್ ಬರಲಿ" ಅನ್ನುತ್ತಾರೆ. ಮೇಲೆ ಕೇಳಿದರೆ "ನಿಮ್ಮ ಹಂತದಲ್ಲೇ ನೋಡಿಕೊಳ್ಳಿ" ಅನ್ನುತ್ತಾರೆ. ಹೋದ ವರ್ಷ ಇದೇ ಗೊಂದಲದಲ್ಲಿ ಬಾವುಟವನ್ನು ಕಟ್ಟಡದ ಪಕ್ಕದ ಹೊಂಗೆ ಮರಕ್ಕೆ ಕಟ್ಟಿದ್ದರು. ಅದನ್ನು ನೋಡಿ ಇನ್ನೊಂದು ಗುಂಪು, ನಮ್ಮ ಬಾವುಟವೂ ಇರಲಿ ಅಂತ ಬೇರೆ ಒಂದನ್ನು ತಂದಿತು. ಜಗಳ ಆಗುವುದು ಸ್ವಲ್ಪದರಲ್ಲೇ ತಪ್ಪಿತು.

ಭಾವನೆ ನನಗೂ ಇದೆ. ಆದರೆ ನನಗೆ ಬೇಕಿರುವುದು ನಿಯಮ. ಕಾಗದದಲ್ಲಿ ಏನಿದೆ?

ಅರಿಶಿನ ಕುಂಕುಮ
ಕರ್ನಾಟಕದಲ್ಲಿ ಕನ್ನಡ ಬಾವುಟ ಹಾರಿಸುವುದಕ್ಕೆ ಯಾರ ಅಪ್ಪಣೆ ಬೇಕು ಸಾರ್? ಏರಿಸಿಬಿಡಿ. ಫೋಟೋ ಮಾತ್ರ ಇಲ್ಲಿ ಹಾಕಲು ಮರೆಯಬೇಡಿ.

ಹಳೇ ಗುಮಾಸ್ತ
ಏರಿಸಿಬಿಡಿ ಅನ್ನುವವರು ಸಸ್ಪೆನ್ಷನ್ ಆರ್ಡರ್ ತೆಗೆದುಕೊಳ್ಳುವವರಲ್ಲ, ಅಲ್ವಾ?

ನಾನು ತಾಲ್ಲೂಕು ಕಚೇರಿಯಿಂದ ನಿವೃತ್ತನಾದವನು. 2012ರ ಕಥೆ ಹೇಳುತ್ತೇನೆ ಕೇಳಿ. ಆ ವರ್ಷ ಡಿ.ವಿ. ಸದಾನಂದಗೌಡರು ಮುಖ್ಯಮಂತ್ರಿ. ನವೆಂಬರ್ 1ರಂದು ಸರ್ಕಾರಿ ಕಚೇರಿ, ಶಾಲೆ, ಕಾಲೇಜುಗಳ ಮೇಲೆ ಕನ್ನಡ ಧ್ವಜ ಕಡ್ಡಾಯ ಅಂತ ಬಜೆಟ್‌ನಲ್ಲೇ ಘೋಷಣೆ ಆಯಿತು. ಸುತ್ತೋಲೆಯೂ ಬಂತು. ಅದನ್ನು ಪ್ರಶ್ನಿಸಿ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋಯಿತು. ಅಕ್ಟೋಬರ್ ಹೊತ್ತಿಗೆ ಜಗದೀಶ ಶೆಟ್ಟರ್ ಮುಖ್ಯಮಂತ್ರಿ ಆಗಿದ್ದರು. ಸುತ್ತೋಲೆ ಹಿಂದಕ್ಕೆ ತೆಗೆದುಕೊಂಡಿದ್ದೇವೆ ಅಂತ ಸರ್ಕಾರ ಕೋರ್ಟಿಗೆ ಹೇಳಿತು. ರಾಜ್ಯೋತ್ಸವಕ್ಕೆ ಇನ್ನೇನು ಕೆಲವೇ ವಾರ ಬಾಕಿ.

ನಮ್ಮಲ್ಲಿ ಬಾವುಟ ಖರೀದಿ ಆಗಿ ಬೀರು ಸೇರಿತ್ತು. ಏರಿಸಬೇಡಿ ಅನ್ನುವ ಆದೇಶವೂ ಕೈಗೆ ಬರಲಿಲ್ಲ, ಏರಿಸಿ ಅನ್ನುವುದೂ ಉಳಿಯಲಿಲ್ಲ. ಕೆಲವು ಕಚೇರಿಯವರು ಏರಿಸಿದರು, ಕೆಲವರು ಬಿಟ್ಟರು. ಅಲ್ಲಿಂದ ಇಲ್ಲಿವರೆಗೂ ಅದೇ ಸ್ಥಿತಿ. ಆಯಾ ಅಧಿಕಾರಿಯ ಧೈರ್ಯ ಎಷ್ಟೋ ನಿಯಮವೂ ಅಷ್ಟು.

ಒಂದೇ ಬಾವುಟ
ಇದರಲ್ಲಿ ಗೊಂದಲ ಏನಿದೆ? ದೇಶ ಒಂದು, ಬಾವುಟ ಒಂದು. 2017ರಲ್ಲಿ ಕರ್ನಾಟಕ ಪ್ರತ್ಯೇಕ ಧ್ವಜಕ್ಕೆ ಸಮಿತಿ ಮಾಡಿದಾಗ ಕೇಂದ್ರ ಗೃಹ ಇಲಾಖೆ ಸ್ಪಷ್ಟವಾಗಿ ಹೇಳಿತ್ತು, ರಾಜ್ಯಕ್ಕೆ ಬೇರೆ ಧ್ವಜ ಇರಲು ಕಾನೂನಿನಲ್ಲಿ ಅವಕಾಶ ಇಲ್ಲ ಅಂತ. ಕಾಶ್ಮೀರಕ್ಕೆ ಇದ್ದದ್ದೂ 2019ರ ಆಗಸ್ಟ್‌ನಲ್ಲಿ ಶ್ರೀನಗರದ ಸಚಿವಾಲಯದಿಂದ ಇಳಿಯಿತು. ಈಗ ಪಂಚಾಯಿತಿಯಲ್ಲಿ ಶುರು ಮಾಡುತ್ತೀರಾ?

ಅದೂ ಅಲ್ಲದೆ ಈ ಹಳದಿ-ಕೆಂಪು ಬಾವುಟ ಮೂಲದಲ್ಲಿ ಒಂದು ಪಕ್ಷದ್ದು. ಸರ್ಕಾರಿ ಕಟ್ಟಡದ ಮೇಲೆ ಪಕ್ಷದ ಬಾವುಟ ಸರಿಯಾ?

ಅರಿಶಿನ ಕುಂಕುಮ
ಪಕ್ಷ ಅಂತ ಹೇಳಿ ಹೆದರಿಸಬೇಡಿ. 1960ರ ದಶಕದಲ್ಲಿ ಮ. ರಾಮಮೂರ್ತಿಯವರು ಕನ್ನಡ ಪಕ್ಷಕ್ಕಾಗಿ ಮಾಡಿದ ಬಾವುಟ ಅದು, ನಿಜ. ಆ ಪಕ್ಷ ಇವತ್ತು ಎಲ್ಲಿದೆ? ಬಾವುಟ ಎಲ್ಲಿದೆ? ಆಟೋ ಸ್ಟ್ಯಾಂಡಿನಲ್ಲಿದೆ, ಸಿನಿಮಾ ಥಿಯೇಟರಿನಲ್ಲಿದೆ, ಅಮೆರಿಕದ ಕನ್ನಡ ಕೂಟದಲ್ಲಿದೆ. ಯಾವ ಪಕ್ಷದವರೂ ಬೇಡ ಅನ್ನಲಾರದ ಬಾವುಟ ಇದೊಂದೇ. ಬಿಜೆಪಿ ಸರ್ಕಾರ ಕಡ್ಡಾಯ ಮಾಡಲು ಹೊರಟಿತ್ತು, ಕಾಂಗ್ರೆಸ್ ಸರ್ಕಾರ ಸಮಿತಿ ಮಾಡಿತು. ಇನ್ನೇನು ಬೇಕು?

ಧಾರವಾಡ ವಕೀಲ
ಸಿಟ್ಟು ಪಕ್ಕಕ್ಕಿರಲಿ. ಕಾನೂನು ಎಲ್ಲಿ ಏನು ಹೇಳುತ್ತದೆ, ಎಲ್ಲಿ ಸುಮ್ಮನಿರುತ್ತದೆ ಅಂತ ನೋಡೋಣ. ಉದ್ದ ಆಗುತ್ತದೆ, ಕ್ಷಮಿಸಿ.

ಧ್ವಜಕ್ಕೆ ಸಂಬಂಧಿಸಿ ಇರುವುದು ಮುಖ್ಯವಾಗಿ ಮೂರು. 1950ರ ಲಾಂಛನ ಮತ್ತು ಹೆಸರುಗಳ ದುರ್ಬಳಕೆ ತಡೆ ಕಾಯ್ದೆ. 1971ರ ರಾಷ್ಟ್ರೀಯ ಗೌರವಕ್ಕೆ ಅವಮಾನ ತಡೆ ಕಾಯ್ದೆ. ಮತ್ತೆ 2002ರ ಜನವರಿ 26ರಂದು ಜಾರಿಗೆ ಬಂದ ಭಾರತದ ಧ್ವಜ ಸಂಹಿತೆ. ಈ ಮೂರರಲ್ಲಿ ಎಲ್ಲೂ "ರಾಜ್ಯಗಳು ಧ್ವಜ ಇಟ್ಟುಕೊಳ್ಳುವಂತಿಲ್ಲ" ಅನ್ನುವ ಸಾಲಿಲ್ಲ. "ಇಟ್ಟುಕೊಳ್ಳಬಹುದು" ಅನ್ನುವ ಸಾಲೂ ಇಲ್ಲ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಕೇಂದ್ರಕ್ಕೆ ಏನು, ರಾಜ್ಯಕ್ಕೆ ಏನು ಅಂತ ಮೂರು ಪಟ್ಟಿ ಇದೆಯಲ್ಲ, ಅದರಲ್ಲಿ ಧ್ವಜ ಅನ್ನುವ ಬಾಬತ್ತೇ ಇಲ್ಲ. ಗೃಹ ಇಲಾಖೆ "ಅವಕಾಶ ಇಲ್ಲ" ಅಂದದ್ದೂ ಇದೇ ಅರ್ಥದಲ್ಲಿ. ನಿಷೇಧ ಇದೆ ಅನ್ನುವುದು ಬೇರೆ, ಅವಕಾಶ ಬರೆದಿಲ್ಲ ಅನ್ನುವುದು ಬೇರೆ. 'ಒಂದೇ ಬಾವುಟ' ಅವರು ಎರಡನ್ನೂ ಬೆರೆಸಿದ್ದಾರೆ.

ಧ್ವಜ ಸಂಹಿತೆ ಮಾತಾಡುವುದು ತ್ರಿವರ್ಣದ ಬಗ್ಗೆ ಮಾತ್ರ. ಭಾಗ 1 ಅಳತೆ, ಬಟ್ಟೆ. ಭಾಗ 2 ಜನರಿಗೆ, ಖಾಸಗಿ ಸಂಸ್ಥೆಗಳಿಗೆ, ಶಾಲೆಗಳಿಗೆ. ಭಾಗ 3 ಕೇಂದ್ರ, ರಾಜ್ಯ ಸರ್ಕಾರಗಳಿಗೆ ಮತ್ತು ಅವುಗಳ ಸಂಸ್ಥೆಗಳಿಗೆ. ಬೇರೆ ಧ್ವಜದ ಮಾತು ಬರುವುದು ರಾಷ್ಟ್ರಧ್ವಜದ ಪಕ್ಕದಲ್ಲಿ ಅದು ಹೇಗೆ ಇರಬಾರದು ಅನ್ನುವಾಗ. ಕೆರೆ ಏರಿ ಅವರ ಪ್ರಶ್ನೆಗೆ ಬೇಕಾದದ್ದು ಅಲ್ಲೇ ಇದೆ:

ಒಂದು, ಬೇರೆ ಯಾವ ಬಾವುಟವೂ ರಾಷ್ಟ್ರಧ್ವಜಕ್ಕಿಂತ ಎತ್ತರದಲ್ಲಿ, ಅದರ ಮೇಲೆ, ಅಥವಾ ಅದರ ಸಾಲಿಗೆ ಪಕ್ಕದಲ್ಲಿ ಇರಬಾರದು. ಎರಡು, ಒಂದೇ ಕಂಬದಲ್ಲಿ ಒಂದೇ ಹೊತ್ತಿಗೆ ರಾಷ್ಟ್ರಧ್ವಜ ಮತ್ತು ಇನ್ನೊಂದು ಧ್ವಜ ಹಾರಿಸಬಾರದು.

"ಒಂದೇ ಹೊತ್ತಿಗೆ" ಅನ್ನುವುದನ್ನು ಗಮನಿಸಿ. ಖಾಲಿ ಕಂಬಕ್ಕೆ ಬೇರೆ ದಿನ ಬೇರೆ ಬಾವುಟ ಏರಿಸಿದರೆ ಸಂಹಿತೆ ನೇರವಾಗಿ ಏನೂ ಹೇಳುವುದಿಲ್ಲ. ಆದರೂ ನಾನು ಅದನ್ನು ಸಲಹೆ ಮಾಡುವುದಿಲ್ಲ. ಕಾರಣ ಆಮೇಲೆ ಬರೆಯುತ್ತೇನೆ, ಕೋರ್ಟ್ ಟೈಮ್ ಆಯಿತು.

ಚಹಾ ಹೊತ್ತು
ವಕೀಲರು ಕ್ಲೈಮ್ಯಾಕ್ಸಿಗೆ ಮುಂಚೆ ಇಂಟರ್ವಲ್ ಕೊಟ್ಟರು. 😀

ಒಂದೇ ಬಾವುಟ
ಬೆರೆಸಿಲ್ಲ ಸಾರ್. ಬರೆಯದೆ ಇರುವುದು ಬೇಡ ಅನ್ನುವ ಕಾರಣಕ್ಕೇ. 1947ರ ಜುಲೈ 22ರಂದು ಸಂವಿಧಾನ ಸಭೆ ಒಂದು ಧ್ವಜ ಒಪ್ಪಿತು. ಎರಡನೆಯದು ಬೇಕಿದ್ದರೆ ಆಗಲೇ ಕೇಳುತ್ತಿದ್ದರು.

ಧಾರವಾಡ ವಕೀಲ
ಕೇಳಿದವರು ಆಮೇಲೆ ಇದ್ದಾರೆ. ಜಮ್ಮು-ಕಾಶ್ಮೀರದ ಸಂವಿಧಾನ ಸಭೆ 1952ರ ಜೂನ್‌ನಲ್ಲಿ ನೇಗಿಲು, ಮೂರು ಬಿಳಿ ಪಟ್ಟೆಯ ಕೆಂಪು ಧ್ವಜ ಒಪ್ಪಿತು. ಆಮೇಲೆ ಅವರ ರಾಜ್ಯ ಸಂವಿಧಾನದ 144ನೇ ವಿಧಿಗೇ ಸೇರಿತು. ಅದಕ್ಕೆ ಬೇರಿದ್ದದ್ದು ಅಲ್ಲಿ. ಆ ಸಂವಿಧಾನ ಹೋದ ಮೇಲೆ ಧ್ವಜವೂ ಹೋಯಿತು. ಕರ್ನಾಟಕದ ಪ್ರಶ್ನೆಗೂ ಅದಕ್ಕೂ ತಳಕು ಹಾಕುವುದು ಸರಿಯಲ್ಲ. ಇಲ್ಲಿ ಯಾರೂ ಬೇರೆ ಸಂವಿಧಾನ ಕೇಳಿಲ್ಲ.

ತಮಿಳುನಾಡಿನಲ್ಲಿ ಕರುಣಾನಿಧಿಯವರು 1970ರಲ್ಲಿ ರಾಜ್ಯ ಧ್ವಜದ ಪ್ರಸ್ತಾಪ ಇಟ್ಟಿದ್ದರು. ಅದು ಆಗಲಿಲ್ಲ. ಆದರೆ ಅವರು ಗೆದ್ದದ್ದು ಇನ್ನೊಂದು. ಮೊದಲು ಆಗಸ್ಟ್ 15ಕ್ಕೂ ರಾಜ್ಯಗಳಲ್ಲಿ ರಾಜ್ಯಪಾಲರೇ ಧ್ವಜ ಹಾರಿಸುತ್ತಿದ್ದರು. 1974ರಿಂದ ಸ್ವಾತಂತ್ರ್ಯ ದಿನಕ್ಕೆ ಮುಖ್ಯಮಂತ್ರಿ, ಗಣರಾಜ್ಯ ದಿನಕ್ಕೆ ರಾಜ್ಯಪಾಲರು ಅನ್ನುವ ಪದ್ಧತಿ ಬಂತು. ನಮ್ಮ ಮುಖ್ಯಮಂತ್ರಿಗಳು ಬೆಂಗಳೂರಿನ ಮಾಣೆಕ್ ಷಾ ಮೈದಾನದಲ್ಲಿ ಹಗ್ಗ ಎಳೆಯುವುದು ಅದರ ಫಲವೇ.

ಗಡಿನಾಡ ಹುಡುಗ
ಬೆಳಗಾವಿಯಿಂದ ಬರೆಯುತ್ತಿದ್ದೇನೆ. ನಿಮಗೆಲ್ಲ ಇದು ವರ್ಷಕ್ಕೊಂದು ದಿನದ ವಿಷಯ. ನಮಗೆ ದಿನಾ ಎದುರಿಗೆ ಕಾಣುವ ವಿಷಯ.

2020ರ ಡಿಸೆಂಬರ್ 28ರಂದು ನಮ್ಮ ಮಹಾನಗರ ಪಾಲಿಕೆ ಎದುರು ಕನ್ನಡ ಹೋರಾಟಗಾರರು ಕಂಬ ನೆಟ್ಟು ಕನ್ನಡ ಬಾವುಟ ಏರಿಸಿದರು. ಪೊಲೀಸರಿಗೂ ಅವರಿಗೂ ತಳ್ಳಾಟ ಆಯಿತು. ಎಂಇಎಸ್‌ನವರು (ಮಹಾರಾಷ್ಟ್ರ ಏಕೀಕರಣ ಸಮಿತಿ) ಅದನ್ನು ತೆಗೆಯಿರಿ, ಇಲ್ಲದಿದ್ದರೆ ನಮ್ಮ ಭಗವಾ ಬಾವುಟಕ್ಕೂ ಜಾಗ ಕೊಡಿ ಅಂದರು. ಯಾವ ಪಕ್ಷದ ನಾಯಕರಿಗೂ ಅದನ್ನು ಇಳಿಸಿ ಅನ್ನುವ ಧೈರ್ಯ ಬರಲಿಲ್ಲ. ಇದಕ್ಕೆ ಕಾನೂನಿನ ಬೆಂಬಲ ಇದೆ ಅಂತಲೂ ಯಾರೂ ಗಟ್ಟಿಯಾಗಿ ಹೇಳಲಿಲ್ಲ.

ನಮ್ಮ ಸಂಕಟ ಅದೇ. ಕನ್ನಡ ಬಾವುಟ ಅಧಿಕೃತ ಅಲ್ಲ ಅಂದರೆ, ಕಾಗದದ ಮೇಲೆ ಅದೂ ಇನ್ಯಾವುದೋ ಸಂಘಟನೆಯ ಬಾವುಟವೂ ಒಂದೇ ತೂಕ. ನಮಗೆ ನಾಡಿನ ಗುರುತು, ಅವರಿಗೆ "ನಿಮ್ಮ ಸಂಘದ ಬಾವುಟ". ಅಧಿಕೃತ ಆಗಿದ್ದರೆ ಈ ವಾದ ಒಂದು ನಿಮಿಷದಲ್ಲಿ ಮುಗಿಯುತ್ತಿತ್ತು.

ಅರಿಶಿನ ಕುಂಕುಮ
ಇದನ್ನೇ ನಾನು ಹೇಳುವುದು!

ಹಳೇ ಗುಮಾಸ್ತ
ನೀವು ಹೇಳಿದ್ದು "ಏರಿಸಿಬಿಡಿ" ಅಂತ. ಅವರು ಹೇಳಿದ್ದು "ಮೊದಲು ಬರೆಯಿರಿ" ಅಂತ. ಎರಡಕ್ಕೂ ಜಾಸ್ತಿ ವ್ಯತ್ಯಾಸ ಇದೆ.

ಧಾರವಾಡ ವಕೀಲ
ಬಂದೆ. ಖಾಲಿ ಕಂಬ ಬೇಡ ಅಂದೆನಲ್ಲ, ಕಾರಣ ಕೆರಗೋಡು.

ಮಂಡ್ಯ ಜಿಲ್ಲೆ ಕೆರಗೋಡಿನಲ್ಲಿ 108 ಅಡಿ ಕಂಬ ನಿಲ್ಲಿಸಲು ಗ್ರಾಮ ಪಂಚಾಯಿತಿ ಅನುಮತಿ ಕೊಟ್ಟಿತ್ತು. 2024ರ ಜನವರಿಯಲ್ಲಿ ಅದಕ್ಕೆ ಹನುಮ ಧ್ವಜ ಏರಿತು. ಅಧಿಕಾರಿಗಳು ಇಳಿಸಿ ರಾಷ್ಟ್ರಧ್ವಜ ಏರಿಸಿದರು. ಜನ ಸೇರಿದರು, ಲಾಠಿ ಬೀಸಿದರು, ಪಿಡಿಒ ಅಮಾನತಾದರು. ಅನುಮತಿ ಇದ್ದದ್ದು ರಾಷ್ಟ್ರಧ್ವಜ ಮತ್ತು ಕನ್ನಡ ಧ್ವಜಕ್ಕೆ ಮಾತ್ರ ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದರು.

ಯಾರು ಸರಿ ಅನ್ನುವ ಜಗಳಕ್ಕೆ ನಾನು ಬರುವುದಿಲ್ಲ. ಕಂಬ ಯಾರದು ಅಂತ ನೋಡಿ. ಜಾಗ ಪಂಚಾಯಿತಿಯದು, ಹಾಗಾಗಿ ಅದರಲ್ಲಿ ಏನು ಹಾರುತ್ತದೋ ಅದು ಸರ್ಕಾರದ ಮಾತು ಅಂತಲೇ ಜನ ಓದುತ್ತಾರೆ. ಅನುಮತಿ ಪತ್ರ ಒಂದು ಹೇಳಿತು, ಕಂಬದಲ್ಲಿ ಇನ್ನೊಂದು ಹಾರಿತು. ಇಳಿಸಲು ಹೋದಾಗ ಅದು ಬಟ್ಟೆಯಾಗಿ ಉಳಿದಿರಲಿಲ್ಲ. ಏರಿಸುವ ಮುಂಚೆ ತಡೆಯುವುದು ಆಡಳಿತ. ಏರಿದ ಮೇಲೆ ಇಳಿಸುವುದು ರಾಜಕೀಯ.

ಇನ್ನೊಂದು ವಿಚಿತ್ರ ನೋಡಿ. 2012ರಲ್ಲಿ ಕನ್ನಡ ಧ್ವಜದ ಸುತ್ತೋಲೆಯನ್ನು ಸರ್ಕಾರ ಕೋರ್ಟಿನ ಮುಂದೆ ಹಿಂದಕ್ಕೆ ತೆಗೆದುಕೊಂಡಿತು. 2024ರಲ್ಲಿ ಪಂಚಾಯಿತಿ ಕಂಬಕ್ಕೆ ಕನ್ನಡ ಧ್ವಜದ ಅನುಮತಿ ಇತ್ತು ಅಂತ ಸರ್ಕಾರವೇ ಸಮರ್ಥನೆಗೆ ಹೇಳಿತು. ಎರಡರ ನಡುವೆ ರಾಜ್ಯದ ಧ್ವಜದ ಬಗ್ಗೆ ಕಾನೂನು ಒಂದಕ್ಷರವೂ ಬದಲಾಗಿಲ್ಲ.

ಒಂದೇ ಬಾವುಟ
ಈ ಕೊನೆಯ ಪಾಯಿಂಟ್ ಒಪ್ಪುತ್ತೇನೆ. ಆದರೆ ನನ್ನ ಪರಿಹಾರ ಬೇರೆ. ಸರ್ಕಾರಿ ಜಾಗದಲ್ಲಿ ತ್ರಿವರ್ಣ ಬಿಟ್ಟು ಏನೂ ಬೇಡ. ಆಗ ಯಾರಿಗೂ ತಕರಾರಿಲ್ಲ.

ಸಾಗರದಾಚೆ
ಅಮೆರಿಕದಲ್ಲಿದ್ದೇನೆ. ಇಲ್ಲಿಯೂ ಇದೇ ರಾಮಾಯಣ, ಪಾತ್ರಗಳು ಬೇರೆ.

ಬಾಸ್ಟನ್ ಸಿಟಿ ಹಾಲ್ ಮುಂದೆ ಮೂರು ಕಂಬ ಇವೆ. ಒಂದಕ್ಕೆ ದೇಶದ್ದು, ಇನ್ನೊಂದಕ್ಕೆ ರಾಜ್ಯದ್ದು. ಮೂರನೆಯದರಲ್ಲಿ ಸಾಮಾನ್ಯವಾಗಿ ನಗರದ ಧ್ವಜ. ಆದರೆ ಊರಿನ ಯಾವ ಸಂಘದವರು ಕೇಳಿದರೂ ಅದನ್ನು ಇಳಿಸಿ ಸ್ವಲ್ಪ ಹೊತ್ತು ಅವರ ಬಾವುಟಕ್ಕೆ ಬಿಡುತ್ತಿದ್ದರು. 2005ರಿಂದ 2017ರವರೆಗೆ 284 ಸಲ ಹೀಗೆ ಕೊಟ್ಟಿದ್ದಾರೆ, ಒಬ್ಬರಿಗೂ ಇಲ್ಲ ಅಂದಿರಲಿಲ್ಲ. 2017ರಲ್ಲಿ ಒಬ್ಬರು ಕ್ರೈಸ್ತ ಧ್ವಜ ತಂದರು. ಆಗ ಮಾತ್ರ ಆಗುವುದಿಲ್ಲ ಅಂದರು. ಕೇಸು ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2022ರಲ್ಲಿ ಒಂಬತ್ತೂ ನ್ಯಾಯಮೂರ್ತಿಗಳು ನಗರ ಮಾಡಿದ್ದು ತಪ್ಪು ಅಂದರು. ಕಂಬ ನಗರದ್ದೇ ಆದರೂ, ಏನು ಹಾರಬೇಕು ಅಂತ ನಗರ ಎಂದೂ ತೀರ್ಮಾನ ಮಾಡಿರಲಿಲ್ಲ. ಬಂದವರಿಗೆಲ್ಲ ಬಿಟ್ಟುಕೊಟ್ಟು ಒಬ್ಬರಿಗೆ ಮಾತ್ರ ಇಲ್ಲ ಅನ್ನುವಂತಿಲ್ಲ ಅಂತ. ನಿಮ್ಮ ಕಂಬದ ಮೇಲೆ ಹಿಡಿತ ಬೇಕಿದ್ದರೆ ಮೊದಲೇ ನಿಯಮ ಮಾಡಿಕೊಳ್ಳಿ ಅನ್ನುವ ಧಾಟಿ. ಕೇಸ್ ನಡೆಯುವಾಗಲೇ ಬಾಸ್ಟನ್ ಆ ಕಾರ್ಯಕ್ರಮ ನಿಲ್ಲಿಸಿತ್ತು, ತೀರ್ಪಿನ ನಂತರ ಹೊಸ ನಿಯಮ ಬರೆಯಿತು.

'ಒಂದೇ ಬಾವುಟ' ಅವರ ಪರಿಹಾರವೂ ಇಲ್ಲಿ ನಡೆದಿದೆ. ಯೂಟಾ ರಾಜ್ಯ 2025ರಲ್ಲಿ ಕಾನೂನು ಮಾಡಿ, ಸರ್ಕಾರಿ ಕಟ್ಟಡಗಳ ಮೇಲೆ ಪಟ್ಟಿಯಲ್ಲಿರುವ ಧ್ವಜ ಬಿಟ್ಟು ಬೇರೆ ಯಾವುದೂ ಹಾರಬಾರದು ಅಂತ ಹೇಳಿತು. ಮುಖ್ಯವಾಗಿ ಕಾಮನಬಿಲ್ಲಿನ ಪ್ರೈಡ್ ಧ್ವಜ ಇಳಿಸಲು. ಪಟ್ಟಿಯಲ್ಲಿ "ನಗರದ ಧ್ವಜ" ಇತ್ತು. ಸಾಲ್ಟ್ ಲೇಕ್ ಸಿಟಿ ಏನು ಮಾಡಿತು ಗೊತ್ತಾ? ಕಾನೂನು ಜಾರಿಗೆ ಬರುವ ಹಿಂದಿನ ದಿನ ಅದೇ ಬಣ್ಣಗಳ ಮೇಲೆ ನಗರದ ಗುರುತಿನ ಲಿಲ್ಲಿ ಹೂವು ಇಟ್ಟು, ಇದು ನಮ್ಮ ನಗರದ ಹೊಸ ಧ್ವಜ ಅಂತ ಠರಾವು ಮಾಡಿತು.

ಚಹಾ ಹೊತ್ತು
ಅವರು ಚಾಪೆ ಕೆಳಗೆ ತೂರಿದರೆ ಇವರು ರಂಗೋಲಿ ಕೆಳಗೆ ತೂರಿದರು.

ಗಡಿನಾಡ ಹುಡುಗ
ಬಾಸ್ಟನ್ ಕಥೆ ನಮ್ಮ ಪಾಲಿಕೆಗೆ ಸರಿಯಾಗಿ ಹೊಂದುತ್ತದೆ. ಯಾರೂ ತೀರ್ಮಾನ ಮಾಡದೆ ಬಿಟ್ಟದ್ದೇ ರೋಗ.

ಬೆಂಗೇರಿ ಅಕ್ಕ
ಹುಬ್ಬಳ್ಳಿಯವಳು. ನನ್ನ ತಂಗಿ ಬೆಂಗೇರಿಯ ಖಾದಿ ಸಂಘದಲ್ಲಿ ಬಾವುಟ ಹೊಲಿಯುತ್ತಿದ್ದಳು. ನೀವೆಲ್ಲ ಕಂಬದ ಬಗ್ಗೆ ಮಾತಾಡುತ್ತಿದ್ದೀರಿ, ನಾನು ಬಟ್ಟೆಯ ಬಗ್ಗೆ ಎರಡು ಮಾತು ಹೇಳುತ್ತೇನೆ.

ರಾಷ್ಟ್ರಧ್ವಜಕ್ಕೆ ಇರುವ ಮಾನಕದ ಸಂಖ್ಯೆ ಐಎಸ್ 1. ದೇಶದ ಮೊಟ್ಟಮೊದಲ ಮಾನಕವೇ ಬಾವುಟದ್ದು. ಅಳತೆ ಒಂಬತ್ತು. ದೊಡ್ಡದು 6300 ಮಿಲಿಮೀಟರ್ ಉದ್ದ, 4200 ಅಗಲ. ಸಣ್ಣದು 150ಕ್ಕೆ 100, ಮೇಜಿನ ಮೇಲೆ ಇಡುವಂಥದ್ದು. ಯಾವ ಅಳತೆಯಾದರೂ ಉದ್ದ-ಅಗಲ 3ಕ್ಕೆ 2. ಚಕ್ರದ 24 ಗೆರೆ ಎರಡೂ ಬದಿಗೆ ಒಂದರ ಮೇಲೊಂದು ಕೂರಬೇಕು. ಬಣ್ಣಕ್ಕೆ, ದಾರಕ್ಕೆ, ಒಂದು ಸೆಂಟಿಮೀಟರಿನಲ್ಲಿ ಎಷ್ಟು ಎಳೆ ಅನ್ನುವುದಕ್ಕೆ, ಎಲ್ಲಕ್ಕೂ ಪರೀಕ್ಷೆ. ಸ್ವಲ್ಪ ವ್ಯತ್ಯಾಸ ಇದ್ದರೂ ಪಕ್ಕಕ್ಕೆ. ಗರಗದ ಕಡೆಯಿಂದ, ಬಾಗಲಕೋಟೆ ಜಿಲ್ಲೆಯ ತುಳಸಿಗೇರಿ ಕಡೆಯಿಂದ ಬಟ್ಟೆ ಬರುತ್ತದೆ. ಕಂಬಕ್ಕೆ ಸಿಕ್ಕಿಸುವ ಅಂಚಿಗೆ ಬೇರೆಯದೇ ದಪ್ಪ ಖಾದಿ. ಹೊಲಿಯುವವರು ಹೆಚ್ಚಿನಂಶ ಹೆಣ್ಣುಮಕ್ಕಳು.

ಈಗ ಕನ್ನಡ ಬಾವುಟ ತಗೊಳ್ಳಿ. ಒಂದು ಅಂಗಡಿಯಲ್ಲಿ ನಿಂಬೆಹಣ್ಣಿನ ಹಳದಿ, ಪಕ್ಕದಲ್ಲಿ ಅರಿಶಿನ. ಒಂದು ಕಡೆ ಕೆಂಪು, ಇನ್ನೊಂದು ಕಡೆ ಗುಲಾಬಿಗೆ ತಿರುಗಿದ ಕೆಂಪು. ಉದ್ದ-ಅಗಲ ಕತ್ತರಿ ಹಿಡಿದವರ ಇಷ್ಟ. ಕೆಲವರು ಮಧ್ಯೆ ತಾಯಿ ಭುವನೇಶ್ವರಿ ಹಾಕುತ್ತಾರೆ, ಕೆಲವರು ನಕ್ಷೆ, ಕೆಲವರು ನಟರ ಫೋಟೋ. ನವೆಂಬರ್ 2ಕ್ಕೆ ಅದೇ ಬಾವುಟ ಚರಂಡಿ ಪಕ್ಕ. ಅಧಿಕೃತ ಅಂತ ಆಗಿದ್ದರೆ ಇಷ್ಟು ಅಧ್ವಾನ ಇರುತ್ತಿರಲಿಲ್ಲ ಅಂತ ನನಗೆ ಅನ್ನಿಸುತ್ತದೆ. ಗೌರವ ಬೇಕು ಅಂದರೆ ಅಳತೆಯೂ ಬೇಕಾಗುತ್ತದೆ.

ಹೋಗಲಿ, ರಾಷ್ಟ್ರಧ್ವಜದ್ದೇ ಕಥೆ ಏನು? 2021ರ ಡಿಸೆಂಬರ್ 30ರಂದು ಸಂಹಿತೆ ತಿದ್ದಿ ಮಷಿನ್ ಬಟ್ಟೆ, ಪಾಲಿಯೆಸ್ಟರ್‌ಗೂ ಅವಕಾಶ ಕೊಟ್ಟರು. ಮರುವರ್ಷ ಮನೆಮನೆ ತಿರಂಗಾ ಬಂತು. ದೇಶಕ್ಕೆಲ್ಲ ಬಾವುಟ ಬೇಕಾದ ವರ್ಷ ಬೆಂಗೇರಿಯವರು ಧರಣಿ ಕೂರಬೇಕಾಯಿತು.

ಕೆರೆ ಏರಿ
ಅಕ್ಕ, ಇದು ನನಗೆ ಹೊಸ ವಿಷಯ. ನಮ್ಮ ಪಂಚಾಯಿತಿಗೆ ಈ ಸಲ ಬೆಂಗೇರಿಯಿಂದಲೇ ರಾಷ್ಟ್ರಧ್ವಜ ತರಿಸಲು ಹೇಳುತ್ತೇನೆ.

ಅರಿಶಿನ ಕುಂಕುಮ
ನಟರ ಫೋಟೋ ವಿಷಯದಲ್ಲಿ ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ.

ಆದರೆ ಅಧಿಕೃತ ಮಾಡಲು ಹೋದಾಗ ಏನಾಯಿತು ನೋಡಿ. 2017ರ ಸಮಿತಿಯಲ್ಲಿ ಒಂಬತ್ತು ಜನ. 2018ರ ಮಾರ್ಚ್ 8ಕ್ಕೆ ಸಿದ್ದರಾಮಯ್ಯನವರು ನಾಡಧ್ವಜ ತೋರಿಸಿದರು. ಮೇಲೆ ಹಳದಿ, ಕೆಳಗೆ ಕೆಂಪು, ನಡುವೆ ಬಿಳಿ ಪಟ್ಟಿ, ಅದರಲ್ಲಿ ಗಂಡಭೇರುಂಡ. ಬಿಳಿ ಯಾರು ಕೇಳಿದ್ದು? ಐವತ್ತು ವರ್ಷ ಜನ ಹಿಡಿದ ಬಾವುಟ ಎರಡು ಬಣ್ಣದ್ದು. ಎರಡೇ ತಿಂಗಳಲ್ಲಿ ಚುನಾವಣೆ ಬಂತು, ಬಾವುಟ ಫೈಲಿನಲ್ಲಿ ಸೇರಿತು. ಜನರ ಬಾವುಟಕ್ಕೆ ಸರ್ಕಾರದ ಮುದ್ರೆ ಇಲ್ಲ, ಸರ್ಕಾರದ ಬಾವುಟಕ್ಕೆ ಜನ ಇಲ್ಲ.

ಹಳೇ ಗುಮಾಸ್ತ
ಗಂಡಭೇರುಂಡ ರಾಜ್ಯದ ಲಾಂಛನ. ಅದನ್ನು ಇಟ್ಟರೆ ಸರ್ಕಾರದ್ದು ಅನ್ನುವುದು ನೋಡಿದ ಕೂಡಲೇ ಗೊತ್ತಾಗುತ್ತದೆ. ಕೆಂಪು-ಹಳದಿಯ ಮೇಲೇ ಇಡಬಹುದಿತ್ತು, ನಿಜ. ಆದರೆ ಅದನ್ನು ಕಾರ್ಯಕರ್ತರು ರ‍್ಯಾಲಿಗಳಲ್ಲಿ ಹಿಡಿಯುವಂತಿರಲಿಲ್ಲ. ಸರ್ಕಾರಿ ಲಾಂಛನ ಯಾರು ಬೇಕಾದರೂ ಬಳಸುವಂತಿಲ್ಲವಲ್ಲ.

ಧಾರವಾಡ ವಕೀಲ
ಗುಮಾಸ್ತರು ಸರಿಯಾದ ನರಕ್ಕೇ ಕೈ ಹಾಕಿದ್ದಾರೆ. 1950ರ ಕಾಯ್ದೆಯ ಅನುಸೂಚಿಯಲ್ಲಿ ರಾಷ್ಟ್ರಧ್ವಜ ಇದೆ, ರಾಜ್ಯ ಸರ್ಕಾರಗಳ ಹೆಸರು, ಲಾಂಛನ, ಮುದ್ರೆ ಇವೆ. ರಾಜ್ಯದ ಧ್ವಜ ಅನ್ನುವುದು ಇಲ್ಲ. ಅದನ್ನು ಅಲ್ಲಿ ಸೇರಿಸಿದರೆ ಕನ್ನಡ ಬಾವುಟವನ್ನು ಅನುಮತಿ ಇಲ್ಲದೆ ವ್ಯಾಪಾರಕ್ಕೆ ಬಳಸುವುದಕ್ಕೆ ತಡೆ ಬೀಳುತ್ತದೆ. ಆ ಅನುಸೂಚಿ ತಿದ್ದುವ ಅಧಿಕಾರ ಕೇಂದ್ರದ ಕೈಲಿದೆ. ಅಧಿಕೃತ ಆಯಿತು ಅಂದರೆ ಆಟೋ ಮೇಲೆ, ಟೀ ಶರ್ಟ್ ಮೇಲೆ, ಸಂಘದ ಬ್ಯಾನರ್ ಮೇಲೆ ಈಗಿನಷ್ಟು ಸಲೀಸಾಗಿ ಹಾಕಲು ಆಗುವುದಿಲ್ಲ. ಅರಿಶಿನ ಕುಂಕುಮ ಅವರೇ, ಇದಕ್ಕೆ ತಯಾರಿದ್ದೀರಾ?

ಅರಿಶಿನ ಕುಂಕುಮ
...ಯೋಚನೆ ಮಾಡಬೇಕು.

ಒಂದೇ ಬಾವುಟ
ಇವತ್ತಿನ ಮಟ್ಟಿಗೆ ನನಗೆ ಇಷ್ಟು ಸಾಕು. 😀

ಧಾರವಾಡ ವಕೀಲ
ನೀವೂ ಸ್ವಲ್ಪ ತಡೆಯಿರಿ. ರಾಷ್ಟ್ರಧ್ವಜವೂ ಒಂದು ಕಾಲಕ್ಕೆ ಸರ್ಕಾರದ್ದು ಮಾತ್ರ ಆಗಿತ್ತು. ರಾಯಗಢದ ಕಾರ್ಖಾನೆಯಲ್ಲಿ ಧ್ವಜ ಹಾರಿಸಲು ಅಧಿಕಾರಿಗಳು ಬಿಡಲಿಲ್ಲ ಅಂತ ನವೀನ್ ಜಿಂದಾಲ್ ಕೋರ್ಟಿಗೆ ಹೋದರು. 2004ರ ಜನವರಿ 23ರಂದು ಸುಪ್ರೀಂ ಕೋರ್ಟ್, ಗೌರವದಿಂದ ರಾಷ್ಟ್ರಧ್ವಜ ಹಾರಿಸುವುದು 19(1)(ಎ) ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ ಅಂದಿತು. ಧ್ವಜ ಸಂಹಿತೆ 13ನೇ ವಿಧಿಯ ಅರ್ಥದಲ್ಲಿ ಕಾನೂನಲ್ಲ ಅಂತಲೂ ಅದೇ ತೀರ್ಪು ಹೇಳುತ್ತದೆ. ಧ್ವಜದ ಗೌರವಕ್ಕಾಗಿ ಅದರಲ್ಲಿರುವ ಸೂಚನೆ ಪಾಲಿಸಬೇಕು. ಆದರೆ ಜೈಲು ಶಿಕ್ಷೆ ಇರುವುದು 1971ರ ಕಾಯ್ದೆಯಲ್ಲಿ, ಅವಮಾನ ಮಾಡಿದರೆ, ಮೂರು ವರ್ಷದವರೆಗೆ.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಈ ಹಕ್ಕು ನಾಗರಿಕನದು. ಕಚೇರಿಗೆ ಅಭಿವ್ಯಕ್ತಿ ಸ್ವಾತಂತ್ರ್ಯ ಇಲ್ಲ. ನಿಮ್ಮ ಮನೆ ಮೇಲೆ ಕನ್ನಡ ಬಾವುಟ ಹಾರಿಸಲು ಯಾರ ಪತ್ರವೂ ಬೇಡ. ಪಂಚಾಯಿತಿ ಮೇಲೆ ಹಾರಿಸುವುದು ಪಂಚಾಯಿತಿಯ ತೀರ್ಮಾನ, ಅದಕ್ಕೆ ಕಾಗದ ಬೇಕು.

ರಾಜ್ಯಕ್ಕೆ ಧ್ವಜ ಇರಬಹುದು ಅನ್ನುವುದಕ್ಕೆ ಬೊಮ್ಮಾಯಿ ತೀರ್ಪನ್ನು ಯಾರಾದರೂ ತರುವ ಮುಂಚೆ ನಾನೇ ಹೇಳಿಬಿಡುತ್ತೇನೆ. ಅದು 1994ರ ತೀರ್ಪು, ರಾಷ್ಟ್ರಪತಿ ಆಳ್ವಿಕೆಯ 356ನೇ ವಿಧಿಯದು. ಅದನ್ನು ನಂಬಿಕೊಂಡು ಕಂಬ ನೆಡಬೇಡಿ.

ಕೆರೆ ಏರಿ
ಸಾರ್, ನೇರವಾಗಿ ಕೇಳುತ್ತೇನೆ. ನಾವು ಏನು ಮಾಡಬೇಕು?

ಧಾರವಾಡ ವಕೀಲ
ರಾಷ್ಟ್ರಧ್ವಜದ ಕಂಬ ಮುಟ್ಟಬೇಡಿ. ನವೆಂಬರ್ 1ಕ್ಕೆ ಅದರಲ್ಲಿ ತ್ರಿವರ್ಣವೇ ಏರಲಿ. ರಾಜ್ಯ ರಚನೆಯಾದ ದಿನವನ್ನು ಸಂಹಿತೆಯೇ ವಿಶೇಷ ದಿನಗಳ ಸಾಲಿನಲ್ಲಿ ಎಣಿಸಿದೆ. ಕನ್ನಡ ಬಾವುಟಕ್ಕೆ ಬೇರೆ ಕಂಬ, ಬೇರೆ ಜಾಗ, ಎತ್ತರ ಕಡಿಮೆ. ಕಟ್ಟಡದ ಮೇಲೆ ಬೇಡ, ಆವರಣದಲ್ಲಿ ಸಾಕು. ತ್ರಿವರ್ಣ ಮೊದಲು ಏರಲಿ, ಕೊನೆಗೆ ಇಳಿಯಲಿ. ಎರಡೂ ಒಂದೇ ಸಾಲಿನಲ್ಲಿ ಜೋಡಿಯಾಗಿ ಕಾಣದ ಹಾಗೆ ನೋಡಿಕೊಳ್ಳಿ.

ಮುಖ್ಯವಾದದ್ದು ಠರಾವು. ಸಾಮಾನ್ಯ ಸಭೆಯಲ್ಲಿ ಇಟ್ಟು ನಡಾವಳಿಯಲ್ಲಿ ಬರೆಸಿ. ಯಾವ ಬಾವುಟ, ಯಾವ ದಿನ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ, ಏರಿಸುವವರು ಯಾರು, ಇಳಿಸುವ ಜವಾಬ್ದಾರಿ ಯಾರದು. ಈ ಕಂಬಕ್ಕೆ ಬೇರೆ ಬಾವುಟ ಇಲ್ಲ ಅನ್ನುವ ಸಾಲನ್ನು ಮರೆಯದೆ ಸೇರಿಸಿ. ಒಂದು ಪ್ರತಿ ತಾಲ್ಲೂಕು ಪಂಚಾಯಿತಿಗೆ, ಒಂದು ಠಾಣೆಗೆ.

ಹಳೇ ಗುಮಾಸ್ತ
ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಪಿಡಿಒ ಬಚಾವ್ ಆಗುವುದು ಆ ಸೀಲಿನಿಂದ.

ಮತ್ತೆ ಆ ದಿನ ಅರ್ಧಕ್ಕೆ ಇಳಿಸಬೇಕಾದ ಸಂದರ್ಭ ಬಂದರೆ ಅಂತ ಯಾರೋ ಕೇಳುತ್ತಾರೆ, ಮೊದಲೇ ಹೇಳುತ್ತೇನೆ. ರಾಷ್ಟ್ರಧ್ವಜಕ್ಕೆ ಮಾತ್ರ ಆ ನಿಯಮ, ಅದೂ ಮೇಲಿಂದ ಸಂದೇಶ ಬಂದಾಗ. ಕನ್ನಡ ಬಾವುಟವನ್ನು ಆಗ ಇಳಿಸಿಬಿಡಿ, ಅರ್ಧಕ್ಕೆ ಬಿಡಬೇಡಿ.

ಚಹಾ ಹೊತ್ತು
ಗುಮಾಸ್ತರೇ, ನಮ್ಮ ಎಂಎಲ್‌ಎ ಕಾರಿನ ಮುಂದೆ ಬಾವುಟ ಇದೆಯಲ್ಲ, ಅದಕ್ಕೆ ಯಾವ ಠರಾವು?

ಹಳೇ ಗುಮಾಸ್ತ
ಕಾರಿಗೆ ರಾಷ್ಟ್ರಧ್ವಜ ಹಾಕುವವರ ಪಟ್ಟಿ ಸಂಹಿತೆಯಲ್ಲಿದೆ. ರಾಷ್ಟ್ರಪತಿ, ಪ್ರಧಾನಿ, ರಾಜ್ಯಪಾಲರು, ಮಂತ್ರಿಗಳು, ಸಭಾಧ್ಯಕ್ಷರು, ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟ್ ನ್ಯಾಯಮೂರ್ತಿಗಳು, ಹೀಗೆ. ಮಂತ್ರಿ ಆಗದ ಬರೀ ಶಾಸಕರು ಅದರಲ್ಲಿಲ್ಲ. ಬೇಕಿದ್ದರೆ ನೀವೇ ಹೋಗಿ ಹೇಳಿ. 😀

ಕೆರೆ ಏರಿ
ಅಪ್‌ಡೇಟ್. ನಿನ್ನೆ ಸಭೆ ಆಯಿತು. ಎರಡನೇ ಕಂಬಕ್ಕೆ ಒಪ್ಪಿಗೆ ಸಿಕ್ಕಿತು. ಗ್ರಂಥಾಲಯದ ಕಡೆ ಮೂಲೆಯಲ್ಲಿ, ಮೊದಲನೆಯದಕ್ಕಿಂತ ಗಿಡ್ಡ. ಪೈಪ್ ಸಂಘದ ಹುಡುಗರದು, ಸಿಮೆಂಟ್ ಪಂಚಾಯಿತಿಯದು. ನವೆಂಬರ್ 1ಕ್ಕೆ ಬೆಳಿಗ್ಗೆ ಏರಿಸಿ ಸಂಜೆ ಇಳಿಸುವುದು. ವಕೀಲರು ಹೇಳಿದ ಸಾಲನ್ನು ಹಾಗೇ ಬರೆಸಿದೆ. ಹೋದ ವರ್ಷ ಬೇರೆ ಬಾವುಟ ತಂದಿದ್ದ ಗುಂಪಿನವರು ಆ ಸಾಲಿಗೆ ಒಂದು ತಾಸು ವಾದ ಮಾಡಿದರು. ಕೊನೆಗೆ "ನಮ್ಮದಿಲ್ಲ ಅಂದರೆ ಯಾರದ್ದೂ ಇಲ್ಲ, ಸರಿ" ಅಂತ ಸಹಿ ಹಾಕಿದರು. ಪಿಡಿಒ ಮುಖದಲ್ಲಿ ನಗು ನೋಡಿದ್ದು ಇದೇ ಮೊದಲು.

ಅರಿಶಿನ ಕುಂಕುಮ
ಗಿಡ್ಡ ಕಂಬ, ಮೂಲೆ ಜಾಗ. ಕನ್ನಡಕ್ಕೆ ಕನ್ನಡ ನಾಡಿನಲ್ಲೇ ಮೂಲೆ. ನನಗಂತೂ ಸಮಾಧಾನ ಇಲ್ಲ.

ಗಡಿನಾಡ ಹುಡುಗ
ಮೂಲೆಯಾದರೂ ನಡಾವಳಿಯಲ್ಲಿದೆ ಅಣ್ಣ. ನಮ್ಮಲ್ಲಿ ಅಷ್ಟೂ ಇಲ್ಲ.

ಕೆರೆ ಏರಿ
ಇನ್ನೊಂದೇ ಪ್ರಶ್ನೆ. ಬಾವುಟ ಯಾವುದು ತರಿಸಲಿ? ಎರಡು ಬಣ್ಣದ್ದೋ, ಬಿಳಿ ಪಟ್ಟಿ, ಗಂಡಭೇರುಂಡ ಇರುವುದೋ?

ಧಾರವಾಡ ವಕೀಲ
ಎರಡು ಬಣ್ಣದ್ದು. ಗಂಡಭೇರುಂಡದ್ದಕ್ಕೆ ಒಪ್ಪಿಗೆ ಬಂದಿಲ್ಲ, ಸುಮ್ನೆ ಲಾಂಛನದ ತಕರಾರು ಮೈಮೇಲೆ ಎಳೆದುಕೊಳ್ಳಬೇಡಿ.

ಬೆಂಗೇರಿ ಅಕ್ಕ
3ಕ್ಕೆ 2 ಅಳತೆಯಲ್ಲೇ ಹೊಲಿಸಿ ಅಣ್ಣ, ನೋಡಲು ಚಂದ. ಹಳದಿ ಬಣ್ಣ ಹೋಗುವ ಬಟ್ಟೆ ಬೇಡ. ಒಗೆದು ನೋಡಿ ತಗೊಳ್ಳಿ.